‘ಇದನ್ನ ನಾನೂ ಬಿಡಿಸ್ತೀನಿ’ ಅನ್ನೋ ಮುಂಚೆ: ಅಮೂರ್ತ ಚಿತ್ರ ನೋಡುವ ಒಂದು ಪಾಠ

ಗ್ಯಾಲರಿಗೆ ಹೋದ ನಾಲ್ಕು ಜನ ಗೆಳೆಯರಲ್ಲಿ ಒಬ್ಬರಾದರೂ ಈ ಮಾತು ಹೇಳೇ ಹೇಳ್ತಾರೆ: “ಇದೇನ್ ಮಹಾ, ಬಣ್ಣ ಚೆಲ್ಲಿದಾರೆ ಅಷ್ಟೇ. ಇದನ್ನ ನಾನೂ ಬಿಡಿಸ್ತೀನಿ.” ಇನ್ನೊಬ್ಬರು “ನಮ್ಮಕ್ಕನ ಮಗಳು ಇದಕ್ಕಿಂತ ಚೆನ್ನಾಗಿ ಬಿಡಿಸ್ತಾಳೆ” ಅಂತಾರೆ. ಮೂರನೆಯವರು ಎಲ್ಲ ಅರ್ಥವಾದವರ ಹಾಗೆ ತಲೆ ಆಡಿಸ್ತಾರೆ. ನಾಲ್ಕನೆಯವರು ಸುಮ್ಮನೆ ಮೊಬೈಲ್ ತೆಗೀತಾರೆ. ನಿಜ ಹೇಳಬೇಕಂದ್ರೆ ಈ ನಾಲ್ವರಲ್ಲಿ ಮೊದಲ ಇಬ್ಬರೇ ವಾಸಿ. ಅವರು ಕಡೇಪಕ್ಷ ಒಂದು ಹೇಳಿಕೆ ಕೊಟ್ಟಿದ್ದಾರೆ. ಹೇಳಿಕೆ ಅಂದಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಬಹುದು, ಅಲ್ವಾ?

ಹಾಗೆ ಪರೀಕ್ಷೆ ಮಾಡಿದವರೂ ಇದ್ದಾರೆ. 2011ರಲ್ಲಿ ಅಮೆರಿಕದ ಬಾಸ್ಟನ್ ಕಾಲೇಜಿನ ಏಂಜಲೀನಾ ಹಾಲಿ-ಡೋಲನ್ ಮತ್ತು ಎಲೆನ್ ವಿನ್ನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಚಿತ್ರಗಳ 30 ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಂದು ಹೆಸರಾಂತ ಅಮೂರ್ತ ಕಲಾವಿದರದ್ದು. ಇನ್ನೊಂದು ಪುಟ್ಟ ಮಗುವಿನದೋ, ಚಿಂಪಾಂಜಿಯದೋ, ಆನೆಯದೋ. ಎರಡೂ ನೋಡೋಕೆ ಒಂದೇ ಥರ ಇರುವಂತೆ ಆರಿಸಿದ್ದರು. ಕೆಲವು ಜೋಡಿಗಳಿಗೆ ಹೆಸರುಪಟ್ಟಿ ಇರಲಿಲ್ಲ, ಕೆಲವಕ್ಕೆ ಸರಿಯಾದ ಪಟ್ಟಿ, ಇನ್ನು ಕೆಲವಕ್ಕೆ ಬೇಕಂತಲೇ ಅದಲುಬದಲು ಮಾಡಿದ ಪಟ್ಟಿ. ನಿಮ್ಮ ಹಾಗೆಯೇ ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಇವನ್ನು ತೋರಿಸಿ, ಯಾವುದು ಇಷ್ಟ, ಯಾವುದು ಉತ್ತಮ ಕೃತಿ ಅಂತ ಕೇಳಿದರು. ಒಟ್ಟಾರೆ ನೂರಕ್ಕೆ 60ರಿಂದ 70 ಬಾರಿ ಕಲಾವಿದರ ಚಿತ್ರವೇ ಆಯ್ಕೆಯಾಯಿತು. ಪಟ್ಟಿ ಅದಲುಬದಲಾದಾಗಲೂ ನಾಣ್ಯ ಚಿಮ್ಮಿದರೆ ಬರಬಹುದಾದ 50ಕ್ಕಿಂತ ಹೆಚ್ಚೇ ಇತ್ತು.

ಈ ಫಲಿತಾಂಶವನ್ನು ಎರಡೂ ಕಡೆಯಿಂದ ಓದಬೇಕು. 70 ಅಂದರೆ 100 ಅಲ್ಲ, ಸಾಕಷ್ಟು ಸಲ ಜನ ಆನೆಯನ್ನೂ ಆರಿಸಿದ್ದಾರೆ. ಆದರೆ ಇದು ಬರೀ ಅದೃಷ್ಟವೂ ಅಲ್ಲ. ಕಣ್ಣಿಗೆ ಏನೋ ಗೊತ್ತಾಗ್ತಾ ಇದೆ, ಅದೇನು ಅಂತ ಹೇಳೋಕೆ ಬಾಯಿಗೆ ಮಾತು ಸಿಗ್ತಾ ಇಲ್ಲ. ಈ ಲೇಖನ ಆ ಮಾತುಗಳನ್ನು ಹುಡುಕುವ ಪ್ರಯತ್ನ. ಇದಕ್ಕೆ ಕಲಾ ಇತಿಹಾಸದ ಹಿನ್ನೆಲೆ ಏನೂ ಬೇಡ. ಲ್ಯಾಬಿನಲ್ಲಿ ಒಂದು ಮಷೀನನ್ನು ನೋಡಿ “ಇದು ಹೇಗೆ ಕೆಲಸ ಮಾಡುತ್ತೆ?” ಅಂತ ಕೇಳುವ ಅಭ್ಯಾಸ ಇದ್ದರೆ ಸಾಕು.

ಹೆಸರು ದೊಡ್ಡದು, ವಿಷಯ ಅಷ್ಟು ಕಷ್ಟವಲ್ಲ

1940 ಮತ್ತು 50ರ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ಬೆಳೆದ ಒಂದು ಬಗೆಯ ಚಿತ್ರಕಲೆಗೆ ಅಬ್‌ಸ್ಟ್ರಾಕ್ಟ್ ಎಕ್ಸ್‌ಪ್ರೆಶನಿಸಂ ಎಂದು ಹೆಸರು. ಕನ್ನಡದಲ್ಲಿ ಅಮೂರ್ತ ಅಭಿವ್ಯಕ್ತಿವಾದ ಅನ್ನಬಹುದು. ಈ ಕಲಾವಿದರಿಗೆ ಆ ಹೆಸರನ್ನು 1946ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ವಿಮರ್ಶಕ ರಾಬರ್ಟ್ ಕೋಟ್ಸ್ ಬಳಸಿದರು. ಜ್ಯಾಕ್ಸನ್ ಪೊಲಾಕ್, ಲೀ ಕ್ರಾಸ್ನರ್, ವಿಲೆಮ್ ಡಿ ಕೂನಿಂಗ್, ಮಾರ್ಕ್ ರಾಥ್ಕೋ, ಬಾರ್ನೆಟ್ ನ್ಯೂಮನ್, ಫ್ರಾಂಜ್ ಕ್ಲೈನ್ ಇದರಲ್ಲಿ ಮುಖ್ಯರು. ಇವರೆಲ್ಲ ಸೇರಿ ಒಂದು ಸಂಘ ಕಟ್ಟಿ, ನಿಯಮ ಬರೆದುಕೊಂಡು ಶುರು ಮಾಡಿದ್ದಲ್ಲ. ಒಬ್ಬರ ಚಿತ್ರ ಇನ್ನೊಬ್ಬರ ಹಾಗಿಲ್ಲ. ಒಂದು ಕಡೆ ಕೈ ಬೀಸಿ, ಎರಚಿ, ಬಳಿದು ಮಾಡಿದ ಚಿತ್ರಗಳು. ಇನ್ನೊಂದು ಕಡೆ ದೊಡ್ಡ ಕ್ಯಾನ್ವಾಸಿನ ತುಂಬ ನಿಧಾನವಾಗಿ ಹರಡಿದ ಒಂದೆರಡು ಬಣ್ಣಗಳ ಚಿತ್ರಗಳು. ಮೊದಲನೆಯ ಬಗೆಯನ್ನು ವಿಮರ್ಶಕ ಹೆರಾಲ್ಡ್ ರೋಸೆನ್‌ಬರ್ಗ್ 1952ರಲ್ಲಿ ‘ಆ್ಯಕ್ಷನ್ ಪೇಂಟಿಂಗ್’ ಎಂದು ಕರೆದರು.

ಹಾಗಾದರೆ ಇವರಲ್ಲಿ ಸಮಾನವಾದದ್ದೇನು? ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ನೆನಪಿಸಿಕೊಳ್ಳಿ. ಅಲ್ಲಿ ಪ್ರತಿ ಗೆರೆಯೂ ಬೇರೆ ಏನನ್ನೋ ಸೂಚಿಸುತ್ತದೆ. ದಪ್ಪ ಗೆರೆ ಅಂದರೆ ಕಾಣುವ ಅಂಚು, ತುಂಡು ತುಂಡು ಗೆರೆ ಅಂದರೆ ಮರೆಯಲ್ಲಿರುವ ಅಂಚು. ಗೆರೆಯನ್ನು ದಾಟಿ ವಸ್ತುವನ್ನು ನೋಡಬೇಕು. ಗೆರೆ ಎಳೆದ ಕೈ ಯಾರದು, ಎಷ್ಟು ಜೋರಾಗಿ ಎಳೆದರು ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಗೊತ್ತಾದರೆ ಮಾರ್ಕ್ಸ್ ಹೋಗುತ್ತೆ! ಈ ಕಲಾವಿದರು ಅದನ್ನೇ ತಿರುಗಿಸಿ ಹಾಕಿದರು. ಗೆರೆ ಬೇರೆ ಯಾವುದನ್ನೂ ಸೂಚಿಸಬೇಕಿಲ್ಲ. ಅದು ಹೇಗೆ ಬಂತು ಅನ್ನೋದೇ ಅದರ ವಿಷಯ.

ಹಾಗಾಗಿ ಈ ಚಿತ್ರಗಳ ಎದುರು “ಇದು ಏನು?” ಅಂತ ಕೇಳಿದರೆ ಉತ್ತರ ಸಿಗೋದಿಲ್ಲ. “ಇದು ಹೇಗಾಯ್ತು?” ಅಂತ ಕೇಳಿ. ಆ ಒಂದು ಪ್ರಶ್ನೆಯನ್ನು ಅನುಕೂಲಕ್ಕೆ ಮೂರಾಗಿ ಬಿಡಿಸೋಣ.

ಮೊದಲ ಪ್ರಶ್ನೆ: ಬಣ್ಣ ಇಲ್ಲಿಗೆ ಹೇಗೆ ಬಂತು?

ಪೊಲಾಕ್ 1945ರಲ್ಲಿ ನ್ಯೂಯಾರ್ಕ್ ನಗರ ಬಿಟ್ಟು, ಪತ್ನಿ ಲೀ ಕ್ರಾಸ್ನರ್ ಜೊತೆ ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಅಲ್ಲಿನ ಒಂದು ಕೊಟ್ಟಿಗೆಯೇ ಅವರ ಸ್ಟುಡಿಯೊ. 1947ರ ಹೊತ್ತಿಗೆ ಅವರು ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಅದರ ಸುತ್ತ ಓಡಾಡುತ್ತ, ಕಡ್ಡಿಯಿಂದಲೋ ಒಣಗಿ ಗಟ್ಟಿಯಾದ ಬ್ರಷ್ಷಿನಿಂದಲೋ ಮೇಲಿಂದ ಬಣ್ಣ ಬೀಳಿಸತೊಡಗಿದ್ದರು. ಬಹಳ ಸಲ ಅದು ಕಲಾವಿದರ ಬಣ್ಣವೂ ಅಲ್ಲ, ಗೋಡೆ, ಕಿಟಕಿಗೆ ಬಳಿಯುವ ಎನಾಮೆಲ್ ಪೇಂಟ್. ಟ್ಯೂಬಿನಲ್ಲಿ ಬರುವ ಆಯಿಲ್ ಕಲರ್ ಹಾಗೆ ಹರಿಯೋದಿಲ್ಲ, ಎನಾಮೆಲ್ ಹರಿಯುತ್ತದೆ. ಅಂದರೆ ಸಾಮಗ್ರಿಯ ಆಯ್ಕೆಯಲ್ಲೇ ಅರ್ಧ ಚಿತ್ರ ನಿರ್ಧಾರವಾಗಿಬಿಟ್ಟಿದೆ.

ಬ್ರಷ್ ಕ್ಯಾನ್ವಾಸನ್ನು ಮುಟ್ಟದೆ ಗೆರೆ ಎಳೆಯೋದು ನಮಗೆ ತೀರಾ ಹೊಸದೇನಲ್ಲ. ರಂಗೋಲಿ ಎಳೆಯುವವರನ್ನು ಗಮನಿಸಿ. ಬೆರಳು ನೆಲ ಮುಟ್ಟೋದಿಲ್ಲ. ಕೈ ಬೇಗ ಸರಿದರೆ ಎಳೆ ಸಪೂರ, ತಡೆದರೆ ದಪ್ಪ. ಕೈ ಮೇಲೆತ್ತಿದಷ್ಟೂ ಪುಡಿ ಚದುರುತ್ತದೆ. ಪೊಲಾಕ್‌ಗೂ ರಂಗೋಲಿಗೂ ಏನೂ ಸಂಬಂಧವಿಲ್ಲ, ಅವರ ಗಮನ ಇದ್ದದ್ದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಮರಳುಚಿತ್ರಗಳ ಮೇಲೆ. ಆದರೆ ರಂಗೋಲಿ ನೋಡಿ ಬೆಳೆದ ಕಣ್ಣಿಗೆ ಈ ಚಿತ್ರಗಳಲ್ಲಿ ಕೈಯ ವೇಗ ಓದೋದು ಸುಲಭ.

ಈಗ ಮೆಕ್ಯಾನಿಕಲ್‌ನವರಿಗೆ ಒಂದು ವಿಷಯ. ಜೋನಿಬೆಲ್ಲವನ್ನೋ ಜೇನುತುಪ್ಪವನ್ನೋ ಚಮಚದಿಂದ ದೋಸೆಯ ಮೇಲೆ ಸುರಿಯಿರಿ. ಕೈ ಅಲ್ಲಾಡಿಸದಿದ್ದರೂ ಎಳೆ ತನ್ನಷ್ಟಕ್ಕೆ ತಾನೇ ಸುರುಳಿ ಸುತ್ತುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸಿನಲ್ಲಿ ಇದಕ್ಕೆ ಕಾಯ್ಲಿಂಗ್ ಇನ್‌ಸ್ಟೆಬಿಲಿಟಿ ಎನ್ನುತ್ತಾರೆ. ಎಳೆ ಎಷ್ಟು ಎತ್ತರದಿಂದ ಬೀಳುತ್ತಿದೆ, ಕೈ ಎಷ್ಟು ವೇಗದಲ್ಲಿ ಸರಿಯುತ್ತಿದೆ, ದ್ರವದ ವಿಸ್ಕಾಸಿಟಿ ಎಷ್ಟು ಎಂಬುದರ ಮೇಲೆ ಸುರುಳಿ ಬರುತ್ತದೋ ನೇರ ಗೆರೆ ಬರುತ್ತದೋ ತೀರ್ಮಾನವಾಗುತ್ತದೆ. ಪೊಲಾಕ್ ಕೆಲಸ ಮಾಡುವುದನ್ನು ಹ್ಯಾನ್ಸ್ ನಾಮುತ್ 1950ರಲ್ಲಿ ಫಿಲ್ಮ್ ಮಾಡಿಟ್ಟಿದ್ದಾರೆ. ರಾಬರ್ಟೊ ಜೆನಿತ್ ಮತ್ತು ಸಂಗಡಿಗರು ಅಂಥ ಹಳೆಯ ದೃಶ್ಯಗಳಿಂದ ಕೈಯ ಎತ್ತರ, ವೇಗ ಅಳೆದು, ಲ್ಯಾಬಿನಲ್ಲೂ ಅದೇ ಪರಿಸ್ಥಿತಿ ಸೃಷ್ಟಿಸಿ, 2019ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪೊಲಾಕ್ ಕೈ ಸರಿಯುತ್ತಿದ್ದ ರೀತಿ ಬಹುಮಟ್ಟಿಗೆ ಸುರುಳಿ ಬಾರದಂತೆ ತಪ್ಪಿಸುವ ಮಿತಿಯಲ್ಲೇ ಇತ್ತು. ಅವರಿಗೆ ಸಮೀಕರಣ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಇದಕ್ಕೂ ಮುಂಚೆ, 2011ರಲ್ಲಿ, ಐಐಟಿ ಮದ್ರಾಸಿನಲ್ಲಿ ಓದಿ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾಗಿರುವ ಎಲ್. ಮಹದೇವನ್ ಮತ್ತಿಬ್ಬರ ಜೊತೆ ಸೇರಿ ಪೊಲಾಕ್‌ರ ಎಳೆಗಳ ಭೌತಶಾಸ್ತ್ರದ ಬಗ್ಗೆ ‘ಫಿಸಿಕ್ಸ್ ಟುಡೇ’ಯಲ್ಲಿ ಬರೆದಿದ್ದರು.

ಆದರೆ ಹುಷಾರು! ವಿಜ್ಞಾನದ ಹೆಸರು ಬಂದ ಕೂಡಲೇ ಚಿತ್ರ ‘ಪ್ರೂವ್’ ಆಯ್ತು ಅಂದ್ಕೋಬೇಡಿ. 1999ರಲ್ಲಿ ಭೌತಶಾಸ್ತ್ರಜ್ಞ ರಿಚರ್ಡ್ ಟೇಲರ್ ಮತ್ತು ಸಂಗಡಿಗರು ಪೊಲಾಕ್ ಚಿತ್ರಗಳಲ್ಲಿ ಫ್ರಾಕ್ಟಲ್ ರಚನೆ ಇದೆ ಎಂದು ‘ನೇಚರ್’ನಲ್ಲಿ ಬರೆದರು. 2006ರಲ್ಲಿ ಅದೇ ಪತ್ರಿಕೆಯಲ್ಲಿ ಕ್ಯಾಥರೀನ್ ಜೋನ್ಸ್-ಸ್ಮಿತ್ ಮತ್ತು ಹರ್ಷ್ ಮಾಥುರ್ ಎಂಬ ಇಬ್ಬರು, ಸುಮ್ಮನೆ ಗೀಚಿದ ಸರಳ ಚಿತ್ರವೂ ಆ ಅಳತೆಗೋಲಿನಲ್ಲಿ ಪಾಸಾಗುತ್ತದೆ ಎಂದು ತೋರಿಸಿ ಆಕ್ಷೇಪ ಎತ್ತಿದರು. ಅಳತೆಯಿಂದ ಚಿತ್ರ ಹೇಗಾಯ್ತು ಅಂತ ತಿಳಿಯಬಹುದು, ಚೆನ್ನಾಗಿದೆಯೇ ಅಂತ ಅಲ್ಲ. ಆ ಕೆಲಸ ಮತ್ತೆ ನಮ್ಮ ಕಣ್ಣಿಗೇ ಬಿಟ್ಟದ್ದು.

ಎರಡನೆಯ ಪ್ರಶ್ನೆ: ಯಾವುದು ಮೊದಲು, ಯಾವುದು ಆಮೇಲೆ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಪೊಲಾಕ್‌ರ ‘ಆಟಮ್ ರಿದಮ್’ ಇದೆ. 1950ರದು. ಅಗಲ 5 ಮೀಟರಿಗೂ ಹೆಚ್ಚು, ಎತ್ತರ ಎರಡೂವರೆ ಮೀಟರಿಗೂ ಹೆಚ್ಚು. ಮೊದಲ ನೋಟಕ್ಕೆ ಗೋಜಲು. ಒಂದು ಕಪ್ಪು ಎಳೆಯನ್ನು ಹಿಡಿದು ಹಿಂಬಾಲಿಸಿ. ಅದರ ಮೇಲೆ ಬಿಳಿ ದಾಟಿದೆಯೋ, ಬಿಳಿಯ ಮೇಲೆ ಅದು ದಾಟಿದೆಯೋ ನೋಡಿ. ಕಪ್ಪೇ ಮೊದಲು ಬಂದು ಅಸ್ಥಿಪಂಜರದಂತೆ ನಿಂತದ್ದು, ಕಂದು ಮತ್ತು ಬಿಳಿ ಆಮೇಲೆ ಬಂದದ್ದು ಮೆಲ್ಲಗೆ ತಿಳಿಯುತ್ತದೆ. ನಡುನಡುವೆ ಬಣ್ಣ ತಾಕದ ಬರಿ ಬಟ್ಟೆಯೂ ಇದೆ. ಅದು ಉಳಿದುಹೋದ ಜಾಗವಲ್ಲ, ಉಳಿಸಿದ ಜಾಗ. ಇನ್ನೊಂದು ಚಿತ್ರ, 1948ರ ‘ನಂಬರ್ 1ಎ’ಯಲ್ಲಿ ಮೇಲಂಚಿನ ಬಳಿ ಅವರ ಅಂಗೈ ಅಚ್ಚುಗಳೇ ಇವೆ. ಬಣ್ಣ ಎರಚಿದವರು ಅಲ್ಲಿ ಕೈಯನ್ನೂ ಊರಿದ್ದಾರೆ.

ಬರೀ ಆವೇಶದಿಂದ ಆದ ಕೆಲಸ ಅನ್ನಿಸುವುದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಫ್ರಾಂಜ್ ಕ್ಲೈನ್. ಬಿಳಿ ಕ್ಯಾನ್ವಾಸಿನ ಮೇಲೆ ಕಪ್ಪು ಬಣ್ಣವನ್ನು ನಾಲ್ಕು ಸಲ ಬೀಸಿ ಎಳೆದ ಹಾಗೆ ಕಾಣುತ್ತವೆ ಅವರ ಚಿತ್ರಗಳು. ಆದರೆ ಎಷ್ಟೋ ಚಿತ್ರಗಳಿಗೆ ಮೊದಲು ಸಣ್ಣ ಕರಡು ಮಾಡಿಕೊಳ್ಳುತ್ತಿದ್ದರು, ಅದೂ ಹಳೆಯ ಟೆಲಿಫೋನ್ ಡೈರೆಕ್ಟರಿಯ ಹಾಳೆಗಳ ಮೇಲೆ. ಆಮೇಲೆ ಅದನ್ನು ದೊಡ್ಡದಾಗಿ ಬಿಡಿಸುತ್ತಿದ್ದರು. ಇನ್ನೂ ಹತ್ತಿರ ಹೋಗಿ ನೋಡಿದರೆ ಹಿನ್ನೆಲೆ ಅಂದುಕೊಂಡಿದ್ದ ಬಿಳಿ ಹಿನ್ನೆಲೆಯೇ ಅಲ್ಲ. ಕಪ್ಪಿನ ಮೇಲೆ ಬಿಳಿ ಬಳಿದು ಅಂಚನ್ನು ತಿದ್ದಿದ್ದಾರೆ. ಕಪ್ಪು ಬಿಳಿಯನ್ನು ಎಷ್ಟು ಕತ್ತರಿಸಿದೆಯೋ ಬಿಳಿಯೂ ಕಪ್ಪನ್ನು ಅಷ್ಟೇ ಕತ್ತರಿಸಿದೆ. ಕೋಡ್ ಬರೆಯುವವರಿಗೆ ಇದು ಹೊಸದಲ್ಲ. ಕೊನೆಗೆ ಉಳಿಯುವ ಇಪ್ಪತ್ತು ಸಾಲು ನೋಡಿದವರಿಗೆ ಅಳಿಸಿದ ಇನ್ನೂರು ಸಾಲು ಕಾಣೋದಿಲ್ಲ. ವ್ಯತ್ಯಾಸ ಏನಂದ್ರೆ ಚಿತ್ರದಲ್ಲಿ ಅಳಿಸಿದ್ದೂ ಅಷ್ಟಿಷ್ಟು ಉಳಿದಿರುತ್ತೆ. ಅದನ್ನು ಹುಡುಕೋದೇ ಒಂದು ಖುಷಿ.

ಮೂರನೆಯ ಪ್ರಶ್ನೆ: ನಾನು ಎಲ್ಲಿ ನಿಂತಿದ್ದೇನೆ?

ಈ ಚಿತ್ರಗಳು ಮೊಬೈಲಿನಲ್ಲಿ ಸೋತುಹೋಗುತ್ತವೆ. ಬಾರ್ನೆಟ್ ನ್ಯೂಮನ್ ಅವರ ‘ವೀರ್ ಹೆರೋಯಿಕಸ್ ಸಬ್ಲಿಮಿಸ್’ ಸ್ಕ್ರೀನಿನ ಮೇಲೆ ಒಂದು ಕೆಂಪು ಪಟ್ಟಿ, ಅದರಲ್ಲಿ ಐದು ತೆಳು ಗೆರೆ, ಅಷ್ಟೇ. ನಿಜವಾದ ಚಿತ್ರ ಸುಮಾರು 5.4 ಮೀಟರ್ ಅಗಲ, 2.4 ಮೀಟರ್ ಎತ್ತರ. ಇಂಥ ದೊಡ್ಡ ಚಿತ್ರವನ್ನು ಜನ ಹಿಂದೆ ಸರಿದು ನೋಡುತ್ತಾರೆ. ನ್ಯೂಮನ್ ತಮ್ಮ 1951ರ ಪ್ರದರ್ಶನದಲ್ಲಿ ದೊಡ್ಡ ಚಿತ್ರಗಳನ್ನು ಹತ್ತಿರದಿಂದ ನೋಡಿ ಎಂದು ಸೂಚನೆ ಹಾಕಿದ್ದರು. ಹತ್ತಿರ ನಿಂತರೆ ಚಿತ್ರದ ಅಂಚು ಕಣ್ಣಳತೆಯಿಂದ ಆಚೆ ಹೋಗುತ್ತದೆ. ಆಗ ಅದು ನೋಡುವ ವಸ್ತುವಾಗಿ ಉಳಿಯದೆ ನಾವು ನಿಂತಿರುವ ಜಾಗವಾಗುತ್ತದೆ. ಬೆಟ್ಟದ ಫೋಟೊ ನೋಡೋದಕ್ಕೂ ಬೆಟ್ಟದ ಬುಡದಲ್ಲಿ ನಿಲ್ಲೋದಕ್ಕೂ ಇರುವ ವ್ಯತ್ಯಾಸ ಇದು.

ರಾಥ್ಕೋ ಅವರ ಚಿತ್ರಗಳೂ ಹಾಗೇ. ತೆಳುವಾದ ಬಣ್ಣದ ಪದರದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಬೆಳಕು ಒಳಗೆ ಇಳಿದು ಹಿಂದಿರುಗಿ ಬಂದ ಹಾಗೆ ಕಾಣುತ್ತದೆ. ಆದರೆ ಪದರಗಳನ್ನು ನಂಬಿದ ಈ ಕಲೆಗೆ ಅಪಾಯವೂ ಅಲ್ಲೇ ಇತ್ತು. 1964ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಟ್ಟಡದ ಮೇಲಂತಸ್ತಿನ ಊಟದ ಕೋಣೆಯಲ್ಲಿ ಅವರ ಐದು ದೊಡ್ಡ ಚಿತ್ರಗಳನ್ನು ಕೂರಿಸಿದರು. ಅವರು ಬಳಸಿದ್ದ ಬಣ್ಣದಲ್ಲಿ ಲಿಥಾಲ್ ರೆಡ್ ಎಂಬ ವರ್ಣದ್ರವ್ಯ ಇತ್ತು. ಅದು ಬಿಸಿಲಿಗೆ ತಡೆಯೋದಿಲ್ಲ. ಕಿಟಕಿಯ ಬಿಸಿಲು ಬಿದ್ದು ಬಿದ್ದು ಕಡುಗೆಂಪು ಮಾಸಿ ತಿಳಿನೀಲಿಯ ಕಡೆ ವಾಲಿತು. 1979ರಲ್ಲಿ ಚಿತ್ರಗಳನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಿದರು.

ಮೇಲೆ ಹೊಸ ಬಣ್ಣ ಬಳಿಯೋ ಹಾಗಿಲ್ಲ. ಬಳಿದರೆ ಅದು ರಾಥ್ಕೋ ಚಿತ್ರವೇ ಅಲ್ಲ. ಹಾರ್ವರ್ಡಿನ ಸಂರಕ್ಷಣಾ ತಜ್ಞರು ಎಂಐಟಿ ಮೀಡಿಯಾ ಲ್ಯಾಬಿನವರ ಜೊತೆ ಸೇರಿ ಬೇರೆ ದಾರಿ ಹುಡುಕಿದರು. 1964ರ ಹಳೆಯ ಬಣ್ಣದ ಫೋಟೊಗಳಿಂದಲೂ ಬಿಸಿಲಿಗೆ ಬೀಳದೆ ಉಳಿದಿದ್ದ ಆರನೆಯ ಚಿತ್ರದಿಂದಲೂ ಮೂಲ ಬಣ್ಣ ಲೆಕ್ಕ ಹಾಕಿದರು. ಮೂಲ ಬಣ್ಣಕ್ಕೂ ಈಗಿನ ಬಣ್ಣಕ್ಕೂ ಇರುವ ಅಂತರವನ್ನು ಬಿಂದು ಬಿಂದುವಾಗಿ ಕಂಡುಹಿಡಿದು, ಅಷ್ಟನ್ನೇ ಪ್ರೊಜೆಕ್ಟರಿನಿಂದ ಚಿತ್ರದ ಮೇಲೆ ಬೆಳಕಾಗಿ ಬಿಟ್ಟರು. ಫೋಟೊಗಳಲ್ಲಿ ತೋರುತ್ತಿದ್ದ ಕಡುಗೆಂಪು ವಾಪಸ್ ಬಂತು! 2014ರ ಪ್ರದರ್ಶನದಲ್ಲಿ ದಿನವೂ ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ನೋಡುವವರ ಕಣ್ಣೆದುರೇ ಬಣ್ಣ ಇಳಿದು ಮಾಸಿದ ಚಿತ್ರ ಉಳಿಯುತ್ತಿತ್ತು. ಇಮೇಜ್ ಪ್ರೊಸೆಸಿಂಗ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇದ್ದೀತೇ?

ಹಾಗಾದರೆ ನಕಲಿ ಯಾಕೆ ಮೋಸ ಮಾಡಿತು?

ಇಷ್ಟೆಲ್ಲ ಓದಿ ಒಬ್ಬರು ಎದ್ದು ನಿಂತು ಕೇಳಬಹುದು: “ಅದೆಲ್ಲ ಸರಿ, ನ್ಯೂಯಾರ್ಕಿನಲ್ಲಿ ಒಬ್ಬ ಮಾಡಿದ ನಕಲಿ ಪೊಲಾಕ್, ನಕಲಿ ರಾಥ್ಕೋಗಳನ್ನ ಕೋಟಿ ಕೋಟಿ ಕೊಟ್ಟು ಕೊಂಡ್ರಲ್ಲ?” ಪ್ರಶ್ನೆ ನ್ಯಾಯವಾದದ್ದೇ. 1846ರಿಂದ ನಡೆದುಬಂದಿದ್ದ ನೋಡ್ಲರ್ ಎಂಬ ಗ್ಯಾಲರಿಯ ಮೂಲಕ ವರ್ಷಗಟ್ಟಲೆ ಇಂಥ ನಕಲಿಗಳು ಮಾರಾಟವಾದವು. ಒಂದು ‘ರಾಥ್ಕೋ’ 83 ಲಕ್ಷ ಡಾಲರಿಗೆ ಹೋಯಿತು. ಕಡೆಗೆ 2011ರಲ್ಲಿ ಗ್ಯಾಲರಿ ಬಾಗಿಲು ಹಾಕಿತು. ಪರಿಣತರೂ ಮೋಸ ಹೋದರು ಅನ್ನೋದನ್ನು ಮುಚ್ಚಿಡಬೇಕಿಲ್ಲ.

ಆದರೆ ಸಿಕ್ಕಿಬಿದ್ದದ್ದು ಹೇಗೆ? ಒಂದು ‘ಪೊಲಾಕ್’ ಚಿತ್ರದ ಸಹಿಯಲ್ಲಿ ಹೆಸರಿನ ಸ್ಪೆಲಿಂಗೇ ತಪ್ಪಿತ್ತು. ಇನ್ನೊಂದರಲ್ಲಿ, ಪೊಲಾಕ್ 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಮಾರುಕಟ್ಟೆಗೆ ಬಂದ ವರ್ಣದ್ರವ್ಯ ಪತ್ತೆಯಾಯಿತು. ಅಂದರೆ ಮತ್ತೆ ಅದೇ ಪ್ರಶ್ನೆ: ಇದು ಹೇಗಾಯ್ತು? ನಕಲಿ ಮಾಡುವವರು ಒಂದು ಚಿತ್ರ ಕಾಣುವ ರೀತಿಯನ್ನು ಕದಿಯಬಲ್ಲರು. ಉತ್ತರ ಮೊದಲೇ ಗೊತ್ತಿರುವ ಲ್ಯಾಬ್ ರೆಕಾರ್ಡ್ ಕಾಪಿ ಹೊಡೆದ ಹಾಗೆ ಅದು. ಉತ್ತರ ಸರಿ ಇರುತ್ತೆ, ವೈವಾದಲ್ಲಿ ಸಿಕ್ಕಿಬೀಳ್ತಾರೆ. ಪ್ರಭಾವಕ್ಕೆ ಒಳಗಾಗೋದು ಇದಕ್ಕೆ ತದ್ವಿರುದ್ಧ. ಅಲ್ಲಿ ಉತ್ತರ ತಗೊಳ್ಳೋದಿಲ್ಲ, ಪ್ರಶ್ನೆ ತಗೊಳ್ತಾರೆ.

ಪ್ರಶ್ನೆ ತಗೊಂಡವರು

ಹೆಲೆನ್ ಫ್ರಾಂಕೆಂಥಾಲರ್ 1952ರ ಅಕ್ಟೋಬರಿನಲ್ಲಿ ‘ಮೌಂಟನ್ಸ್ ಆ್ಯಂಡ್ ಸೀ’ ಮಾಡಿದಾಗ ಅವರಿಗೆ 23 ವರ್ಷ, ನಿಮ್ಮ ಸೀನಿಯರ್‌ಗಳ ವಯಸ್ಸು. ಪೊಲಾಕ್‌ರಿಂದ ಅವರು ಕಲಿತದ್ದು ಕ್ಯಾನ್ವಾಸನ್ನು ನೆಲಕ್ಕೆ ಹಾಸುವುದನ್ನು. ಆದರೆ ಎಳೆ ಎರಚಲಿಲ್ಲ. ಆಯಿಲ್ ಕಲರಿಗೆ ಟರ್ಪಂಟೈನ್ ಬೆರೆಸಿ ನೀರಾಗಿಸಿ, ಪ್ರೈಮರ್ ಬಳಿಯದ ಹಸಿ ಬಟ್ಟೆಯ ಮೇಲೆ ಸುರಿದರು. ಬಣ್ಣ ಬಟ್ಟೆಯ ಮೇಲೆ ಕೂರಲಿಲ್ಲ, ಒಳಗೇ ಇಳಿಯಿತು. 1953ರ ಏಪ್ರಿಲಿನಲ್ಲಿ ವಾಷಿಂಗ್ಟನ್ನಿನಿಂದ ಬಂದ ಮಾರಿಸ್ ಲೂಯಿ ಮತ್ತು ಕೆನೆತ್ ನೋಲ್ಯಾಂಡ್ ಆ ಚಿತ್ರವನ್ನು ಅವರ ಸ್ಟುಡಿಯೊದಲ್ಲಿ ನೋಡಿ ಹೋದರು. ಆಮೇಲೆ ಇಬ್ಬರ ದಾರಿಯೂ ಬದಲಾಯಿತು. ಪ್ರೈಮರ್ ಇಲ್ಲದ ಹತ್ತಿ ಬಟ್ಟೆಯನ್ನು ಎಣ್ಣೆ ಕಾಲಕ್ರಮೇಣ ಹಾಳುಮಾಡುತ್ತದೆ. ಲೂಯಿ ತೆಳುಮಾಡಿ ಸುರಿಯಬಹುದಾದ ಮ್ಯಾಗ್ನಾ ಎಂಬ ಅಕ್ರಿಲಿಕ್ ಬಣ್ಣ ಹಿಡಿದರು. 1960ರ ದಶಕದಲ್ಲಿ ಫ್ರಾಂಕೆಂಥಾಲರ್ ಕೂಡ ಅಕ್ರಿಲಿಕ್‌ಗೆ ಬಂದರು. ಕಲೆಯ ಒಂದು ಹೆಜ್ಜೆಯ ಹಿಂದೆ ಹೀಗೆ ರಾಸಾಯನಿಕದ ಒಂದು ಹೆಜ್ಜೆಯೂ ಇದೆ.

ಲೀ ಕ್ರಾಸ್ನರ್ ಅವರದು ಇನ್ನೂ ಕಷ್ಟದ ದಾರಿ. ಜಗತ್ತು ಅವರನ್ನು ಬಹುಕಾಲ ಪೊಲಾಕ್‌ರ ಪತ್ನಿ ಎಂದೇ ಗುರುತಿಸಿತು. ತಮ್ಮ ಹಳೆಯ ಚಿತ್ರಗಳನ್ನು ತಾವೇ ಹರಿದು, ಆ ಚೂರುಗಳನ್ನೇ ಅಂಟಿಸಿ 1950ರ ದಶಕದ ಮಧ್ಯದಲ್ಲಿ ಹೊಸ ಕೃತಿಗಳನ್ನು ಮಾಡಿದರು. ಪತಿ ತೀರಿಕೊಂಡ ಕೆಲವು ವರ್ಷಗಳ ಮೇಲೆ ನಿದ್ದೆ ಬಾರದ ರಾತ್ರಿಗಳಲ್ಲಿ ಕೆಲಸ ಮಾಡಿದರು. ದೀಪದ ಬೆಳಕಿನಲ್ಲಿ ಬಣ್ಣ ನಂಬುವಂತಿಲ್ಲ ಎಂದು ಕಂದು, ಬಿಳಿಯಂಥ ಬಣ್ಣಗಳಿಗೇ ಸೀಮಿತರಾದರು. ಆ ದೊಡ್ಡ ಕಂದು ಚಿತ್ರಗಳಲ್ಲಿರುವ ಬೀಸು ಅವರದೇ, ಎರವಲು ತಂದದ್ದಲ್ಲ.

ಜಪಾನಿನಲ್ಲಿ 1954ರಲ್ಲಿ ಶುರುವಾದ ಗುಟಾಯ್ ಎಂಬ ಗುಂಪಿನ ಕಜುವೊ ಶಿರಾಗ ಹಗ್ಗ ಹಿಡಿದು ಜೋತುಬಿದ್ದು ಪಾದಗಳಿಂದ ಚಿತ್ರ ಬಿಡಿಸಿದರು. ಗುಟಾಯ್ ತನ್ನ ಪತ್ರಿಕೆಯನ್ನು ಪೊಲಾಕ್‌ಗೂ ಕಳಿಸಿತ್ತು. ಅವರು ತೀರಿಕೊಂಡ ಮೇಲೆ ಅವರ ಪುಸ್ತಕಗಳ ನಡುವೆ ಅದರ ಪ್ರತಿಗಳು ಸಿಕ್ಕವು.

ಭಾರತಕ್ಕೆ ಬಂದರೆ, ಎಸ್. ಎಚ್. ರಜಾ 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಾಠ ಮಾಡಲು ಹೋದಾಗ ರಾಥ್ಕೋ ಮೊದಲಾದವರ ಕೆಲಸವನ್ನು ಹತ್ತಿರದಿಂದ ನೋಡಿದರು. ಅವರ ಬಣ್ಣದ ಬಳಕೆ ಸಡಿಲವಾಯಿತು. ಆದರೆ ಅಲ್ಲೇ ನಿಲ್ಲದೆ ಮುಂದೆ ಅವರು ಸೇರಿದ್ದು ತಮ್ಮದೇ ‘ಬಿಂದು’ವಿಗೆ. ವಿ. ಎಸ್. ಗಾಯ್ತೊಂಡೆ ರಾಕ್‌ಫೆಲರ್ ಫೆಲೋಶಿಪ್ ಪಡೆದು 1964ರಲ್ಲಿ ನ್ಯೂಯಾರ್ಕಿಗೆ ಹೋದರು. ನ್ಯೂಯಾರ್ಕಿನಿಂದಲೇ ಅವರು ಎಲ್ಲ ಕಲಿತರು ಅನ್ನೋದು ತಪ್ಪಾಗುತ್ತದೆ, ಯಾಕಂದ್ರೆ 1950ರ ದಶಕದ ಕೊನೆಗೇ ಅವರ ಚಿತ್ರಗಳಿಂದ ಆಕೃತಿಗಳು ಹೊರಟುಹೋಗಿದ್ದವು. ಪೊಲಾಕ್‌ರ ವೇಗ ಅವರಲ್ಲಿಲ್ಲ. ರೋಲರ್ ಮತ್ತು ಪ್ಯಾಲೆಟ್ ನೈಫ್ ಹಿಡಿದು ಬಣ್ಣ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರಗಳು. ‘ಅಮೂರ್ತ’ ಎಂಬ ಪದವೂ ಅವರಿಗೆ ಒಪ್ಪಿಗೆಯಿರಲಿಲ್ಲ. 2014ರಲ್ಲಿ ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂ ಅವರ ಕೃತಿಗಳ ದೊಡ್ಡ ಪ್ರದರ್ಶನ ಮಾಡಿತು.

ಇವತ್ತು ಕೆಲಸ ಮಾಡುತ್ತಿರುವವರಲ್ಲಿ ಇಬ್ಬರನ್ನು ನೋಡಿ. ಇಥಿಯೋಪಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿರುವ ಜೂಲಿ ಮೆಹ್ರೆತು ಅವರ ಹಲವು ಚಿತ್ರಗಳ ತಳದಲ್ಲಿ ಕಟ್ಟಡಗಳ ಪ್ಲಾನುಗಳಿವೆ. ಹೌದು, ಸಿವಿಲ್‌ನವರು ಬಿಡಿಸುವಂಥವೇ. ಅದರ ಮೇಲೆ ಪಾರದರ್ಶಕ ಅಕ್ರಿಲಿಕ್ ಪದರ ಹಾಕಿ, ಉಜ್ಜಿ, ಮೇಲೆ ಕೈಬೀಸಿನ ಗುರುತುಗಳನ್ನು ಮಾಡುತ್ತಾರೆ. ಅಳೆದ ಗೆರೆ ಮತ್ತು ಅಳೆಯದ ಗೆರೆ ಒಂದೇ ಕ್ಯಾನ್ವಾಸಿನಲ್ಲಿ ಜಗಳಾಡುತ್ತವೆ. ಲಾಸ್ ಏಂಜಲೀಸಿನ ಮಾರ್ಕ್ ಬ್ರ್ಯಾಡ್‌ಫರ್ಡ್ ತಾಯಿಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡಿದವರು. ಕೂದಲು ಗುಂಗುರು ಮಾಡಲು ಬಳಸುವ ತೆಳು ಕಾಗದ, ಬೀದಿಯ ಪೋಸ್ಟರು ಇವನ್ನೇ ಪದರ ಪದರವಾಗಿ ಅಂಟಿಸಿ ಸ್ಯಾಂಡರ್ ಮಷೀನಿನಿಂದ ಉಜ್ಜುತ್ತಾರೆ. ದೂರಕ್ಕೆ ಅಮೂರ್ತ ಚಿತ್ರ, ಹತ್ತಿರಕ್ಕೆ ಒಂದು ಬಡಾವಣೆಯ ಬದುಕು. ಇಬ್ಬರಲ್ಲೂ ಪೊಲಾಕ್‌ರ ಎಳೆ ಇಲ್ಲ. ಗಾತ್ರ, ಪದರ, ಕೈಯ ಗುರುತನ್ನು ಅಳಿಸದೆ ಉಳಿಸುವ ಧೈರ್ಯ ಅಲ್ಲಿಂದ ಬಂದಿದೆ.

ನೀವೇ ನೋಡಿ

ನ್ಯೂಯಾರ್ಕಿಗೆ ಟಿಕೆಟ್ ತೆಗೆಯಬೇಕಿಲ್ಲ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಇದೆ, ಅವರ ಚಿತ್ರಸಂತೆ ಇದೆ. ಹೋದಾಗ ಅಮೂರ್ತ ಚಿತ್ರ ಎದುರಾದರೆ ಹೀಗೆ ಮಾಡಿ:

1. ಪಕ್ಕದ ಚೀಟಿ ಮೊದಲೇ ಓದಬೇಡಿ. ಹೆಸರು ಗೊತ್ತಾದ ಕೂಡಲೇ ಕಣ್ಣು ನೋಡೋದನ್ನು ನಿಲ್ಲಿಸುತ್ತದೆ.

2. ಒಂದೇ ಚಿತ್ರ ಆರಿಸಿ ಐದು ನಿಮಿಷ ಕೊಡಿ. ಮೊದಲ ಎರಡು ನಿಮಿಷ ಬೋರ್ ಆಗುತ್ತೆ, ಆಗಲಿ.

3. ಬಣ್ಣ ಹೇಗೆ ಬಂತು ಎಂದು ಊಹಿಸಿ: ಬ್ರಷ್ಷೋ, ರೋಲರೋ, ಸುರಿದದ್ದೋ, ಕೆರೆದದ್ದೋ? ಬಣ್ಣ ಇಳಿದ ದಿಕ್ಕು ನೋಡಿದರೆ ಕ್ಯಾನ್ವಾಸ್ ನಿಂತಿತ್ತೋ ಮಲಗಿತ್ತೋ ಗೊತ್ತಾಗುತ್ತದೆ.

4. ಎರಡು ಬಣ್ಣ ದಾಟುವ ಜಾಗ ಹುಡುಕಿ, ಯಾವುದು ಮೇಲೆ ಎಂದು ನೋಡಿ. ತಿದ್ದಿದ ಜಾಗ ಒಂದಾದರೂ ಸಿಕ್ಕೇ ಸಿಗುತ್ತದೆ.

5. ಹತ್ತಿರ ಹೋಗಿ, ದೂರ ಬನ್ನಿ. ಯಾವ ದೂರದಲ್ಲಿ ಚಿತ್ರ ‘ಕೂಡಿಕೊಳ್ಳುತ್ತದೆ’ ಎಂದು ಗುರುತು ಮಾಡಿ. ಮುಟ್ಟಬೇಡಿ!

6. ಕಡೆಗೆ ಒಂದು ಮೂಲೆಯನ್ನು ಅಂಗೈಯಿಂದ ಕಣ್ಣಿಗೆ ಮರೆಮಾಡಿ. ಚಿತ್ರಕ್ಕೆ ಏನೂ ನಷ್ಟವಾಗದಿದ್ದರೆ ಆ ಮೂಲೆ ಅಲ್ಲಿ ಯಾಕಿದೆ ಎಂದು ಕೇಳಬಹುದು. ಚಿತ್ರ ಕುಸಿದರೆ ಅದೂ ಒಂದು ಉತ್ತರ.

ಇಷ್ಟಾದ ಮೇಲೂ ಚಿತ್ರ ಹಿಡಿಸದೇ ಹೋಗಬಹುದು. ಧಾರಾಳವಾಗಿ ಹೇಳಿ. ಎಲ್ಲ ಅಮೂರ್ತ ಚಿತ್ರವೂ ಒಳ್ಳೆಯದೇನಲ್ಲ. ಎರಚಿದವರೆಲ್ಲ ಪೊಲಾಕ್ ಆಗಲಿಲ್ಲ. ಆದರೆ ಆಗ ನಿಮ್ಮ ಮಾತು “ಇದನ್ನ ನಾನೂ ಬಿಡಿಸ್ತೀನಿ” ಅಂತ ಇರೋದಿಲ್ಲ. “ಗೆರೆಗಳೆಲ್ಲ ಒಂದೇ ವೇಗದಲ್ಲಿವೆ, ಒಂದೂ ಇನ್ನೊಂದಕ್ಕೆ ಉತ್ತರ ಕೊಡ್ತಿಲ್ಲ” ಅಂತಲೋ, “ಗಾತ್ರ ದೊಡ್ಡದು, ಆ ಗಾತ್ರಕ್ಕೆ ಬೇಕಾದ ಕೆಲಸ ಇಲ್ಲ” ಅಂತಲೋ ಇರುತ್ತೆ. ಅದು ವಿಮರ್ಶೆ. ಅಂಥ ಮಾತಿಗೆ ಕಲಾವಿದರೂ ಕಿವಿಗೊಡುತ್ತಾರೆ.

ಇನ್ನು “ನಾನೂ ಬಿಡಿಸ್ತೀನಿ” ಅನ್ನುವವರಿಗೆ ಒಂದು ಕೋರಿಕೆ: ದಯವಿಟ್ಟು ಬಿಡಿಸಿ. ಹಳೆಯ ಪೇಪರು ಹಾಸಿ, ಮನೆಯಲ್ಲಿ ಉಳಿದ ಎನಾಮೆಲ್ ಡಬ್ಬಿ ತಂದು, ಕಡ್ಡಿಯಿಂದ ಒಂದು ಮೀಟರ್ ಉದ್ದದ, ಒಂದೇ ದಪ್ಪದ ಎಳೆ ಎಳೆಯಿರಿ. ಆಮೇಲೆ ಅದರ ಪಕ್ಕದಲ್ಲಿ ಅದಕ್ಕೆ ಹೊಂದುವ ಇನ್ನೊಂದು. ಏನಾಯ್ತು, ಎಲ್ಲಿ ಸುರುಳಿ ಸುತ್ತಿತು, ಎಲ್ಲಿಗೆ ನಿಲ್ಲಿಸಬೇಕು ಅನ್ನಿಸಿತು, ಎರಡು ಪುಟ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ಚಿತ್ರದ ಫೋಟೊ ಜೊತೆಗಿದ್ದರೆ ಇನ್ನೂ ಸಂತೋಷ.